ಮುಡಿ ಯಾವ ದೇವರಿಗೆ ಕೊಟ್ರಿ?

ನಾಗಮಂಗಲಕ್ಕೆ ಬಂದಿಳಿದ ದಿನ ಬಾಡಿಗೆ ಮನೆಯ ಯಜಮಾನಿ ಸಾಕಮ್ಮನವರು ನನ್ನ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕಿವಿಯ ಮಟ್ಟಕ್ಕೆ ಕತ್ತರಿಸಿದ್ದ ಕೂದಲನ್ನೇ ನೋಡಿ, "ಯಾವ ದೇವ್ರಿಗೆ ಕೊಟ್ರವ್ವ ಮುಡಿಯ?" ಎಂದರು.

ನನ್ನದು ಹರಕೆಯ ಕೂದಲಲ್ಲ. ವಿಜಯಪುರ ಬಿಡುವ ಹಿಂದಿನ ದಿನ, ಸೊಂಟ ಮುಟ್ಟುತ್ತಿದ್ದ ಜಡೆಯನ್ನು ಬ್ಯೂಟಿ ಪಾರ್ಲರಿನಲ್ಲಿ ಕತ್ತರಿಸಿಕೊಂಡಿದ್ದೆ. ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಆಸೆ ಬಿಡಿಸಿ ಮದುವೆ ಮಾಡಲು ಹೊರಟಿದ್ದ ಅಪ್ಪನಿಗೆ ನಾನು ಕೊಟ್ಟ ಉತ್ತರ ಅದು. ಹೆಡ್‌ಮಾಸ್ತರಾಗಿ ನಿವೃತ್ತನಾದ ಅಪ್ಪ ಬಾಗಿಲಲ್ಲಿ ನಿಂತು, "ಜಡಿ ಕತ್ತರಿಸ್ಕೊಂಡು ಹೊಂಟಾಕಿ ತಿರುಗಿ ಈ ಹೊಸ್ತಲ ತುಳೀಬ್ಯಾಡ" ಅಂದಿದ್ದ. ಇಷ್ಟನ್ನೆಲ್ಲ ಸಾಕಮ್ಮನವರಿಗೆ ಹೇಗೆ ಹೇಳಲಿ? "ಹಂಗ ಸುಮ್ನ ಕಟ್ ಮಾಡಿಸೀನ್ರಿ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಆದರೂ ಬೀಗದ ಕೈ ಕೊಟ್ಟರು.

ಕರ್ನಾಟಕದೊಳಗೇ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ಇದನ್ನು ವಲಸೆ ಎಂದರೆ ನಮ್ಮ ಕಡೆಯವರಾದ ನೀವು ನಗಬಹುದು. ನಗಿ. ಆದರೆ ಮೊದಲ ವಾರ ರಾಗಿ ಮುದ್ದೆಯನ್ನು ರೊಟ್ಟಿಯಂತೆ ಅಗಿಯಲು ಹೋಗಿ, ಹಲ್ಲಿಗೆ ಮೆತ್ತಿಸಿಕೊಂಡು ಕೂತಿದ್ದ ನನ್ನನ್ನು ನೀವು ನೋಡಬೇಕಿತ್ತು. "ಅಗೀಬ್ಯಾಡಿ ಕಣವ್ವ, ಸಾರಲ್ಲಿ ಅದ್ದಿ ನುಂಗ್ಬುಡಿ" ಎಂದು ಸಾಕಮ್ಮನವರು ಎದುರಿಗೆ ಕೂತು ಕಲಿಸಿದರು. ಒಂದು ಇಡೀ ಮುದ್ದೆಯನ್ನು ಹಲ್ಲು ತಾಗಿಸದೆ ನುಂಗಿದ ದಿನ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ನಮ್ಮಲ್ಲಿ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಊಟದ ಹೊತ್ತಾಯಿತೆಂದು ತಿಳಿಯುತ್ತದೆ. ಇಲ್ಲಿ ಅಡುಗೆ ಸದ್ದಿಲ್ಲದೆ ಮುಗಿಯುತ್ತದೆ. ಆ ಸದ್ದಿಲ್ಲದ ಸಂಜೆಗಳಲ್ಲಿ ನಾನು ತುಂಬ ಒಂಟಿಯಾಗಿದ್ದೆ.

ಮಾತೂ ಹಾಗೆಯೇ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಇನ್ನೊಬ್ಬನಿಗೆ, "ಯಾಕ್ಲಾ ನೆನ್ನೆ ಬರ್ನಿಲ್ಲ, ಎಲ್ಲೋಗಿದ್ಲಾ?" ಎಂದು ಅಬ್ಬರಿಸಿದಾಗ ಹೊಡೆದಾಟವೇ ಆಗುತ್ತದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಅವರು ಹೆಗಲ ಮೇಲೆ ಕೈ ಹಾಕಿಕೊಂಡು ಟೀ ಅಂಗಡಿಗೆ ಹೋದರು. ಇಲ್ಲಿಯ 'ಲಾ' ಸಲಿಗೆಯದು. ತಮ್ಮ ಆಗಾಗ ಫೋನ್ ಮಾಡುತ್ತಿದ್ದ. ಅಪ್ಪ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದದ್ದು ಮಹಾಯುದ್ಧದ ನಂತರದ ಅಮೆರಿಕದ ಸಾಹಿತ್ಯ. ಯುದ್ಧ ಮುಗಿಸಿ ಬಂದ ಅಪ್ಪಂದಿರು ಕೆಲಸ ಹಿಡಿದರು, ಒಂದೇ ಥರದ ಮನೆಗಳ ಸಾಲಿನಲ್ಲಿ ಮನೆ ಮಾಡಿದರು, ಕಾರು ಕೊಂಡರು. ಆ ಮನೆಗಳಲ್ಲಿ ಬೆಳೆದ ಮಕ್ಕಳು ಬದುಕು ಇಷ್ಟೇನಾ ಎಂದು ಕೇಳಿ ರಸ್ತೆಗಿಳಿದರು. ಕಂಡವರ ಗಾಡಿ ಹತ್ತಿ ದೇಶ ಸುತ್ತಿದರು, ಕಾಫಿ ಅಂಗಡಿಗಳಲ್ಲಿ ನಿಂತು ಪದ್ಯ ಓದಿದರು. ಅವರ ನಂತರ ಬಂದವರು ಕೂದಲು ಬಿಟ್ಟರು, ಹೊಸ ಯುದ್ಧ ಬೇಡವೆಂದು ಬೀದಿಗೆ ಬಂದರು. ನಾನು ಇದನ್ನು ಮೈದುಂಬಿ ಪಾಠ ಮಾಡುತ್ತಿದ್ದೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಅವ್ರೆಲ್ಲಾ ಇಂಗೆ ಒಂಟೋದ್ರೆ ಮನೇಲಿ ಹಾಲು ಕರೆಯೋರು ಯಾರು?" ಎಂದಳು. ಕ್ಲಾಸೆಲ್ಲ ನಕ್ಕಿತು. ಅವಳು ಮಾತ್ರ ನಗಲಿಲ್ಲ, ಬೆಳಿಗ್ಗೆ ಡೈರಿಗೆ ಹಾಲು ಹಾಕಿಯೇ ಕಾಲೇಜಿಗೆ ಬರುವವಳು ಅವಳು.

ಆ ಕ್ಲಾಸಿನಲ್ಲಿ ಭುಜದವರೆಗೆ ಕೂದಲು ಬಿಟ್ಟಿದ್ದವನು ಮಧು ಒಬ್ಬನೇ. ಬಿಂಡಿಗನವಿಲೆ ಕಡೆಯ ರೈತರ ಮಗ. ನನಗೆ ಅವನನ್ನು ಕಂಡರೆ ಏನೋ ಹೆಮ್ಮೆ. "ನೋಡ್ರಿ, ನಮ್ಮ ಕ್ಲಾಸಿನ್ಯಾಗೂ ಒಬ್ಬ ಬಂಡಾಯಗಾರ ಇದ್ದಾನ" ಎಂದು ಎಲ್ಲರೆದುರು ಹೇಳಿಬಿಟ್ಟೆ. ಯಾರೂ ನಗಲಿಲ್ಲ. 'ನಾನೇಕೆ ಕೂದಲು ಬಿಟ್ಟೆ' ಎಂದು ಪ್ರಬಂಧ ಬರೆಯಲು ಅವನಿಗೆ ಹೇಳಿದೆ. ಬಂದ ಮೊದಲ ದಿನವೇ ಸಾಕಮ್ಮನವರ ಪ್ರಶ್ನೆ ಕಲಿಸಿದ್ದ ಪಾಠವನ್ನು ಮರೆತಿದ್ದೆ, ನೋಡಿ.

ಅವನು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ್ದ. ಅಪ್ಪನಿಗೆ ಎದೆಯ ಆಪರೇಷನ್ ಆದಾಗ ಅವ್ವ ಮನೆದೇವರಿಗೆ ಮಗನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಾಳೆ. ಅಪ್ಪ ಪೂರ್ತಿ ಹುಷಾರಾಗುವ ತನಕ ಕತ್ತರಿ ತಾಗಿಸುವ ಹಾಗಿಲ್ಲ. ಕೊನೆಯ ಸಾಲು ಹೀಗಿತ್ತು: 'ನನ್ನನ್ನು ಯಾರೂ ಕೇಳಲಿಲ್ಲ.' ನಾನು ಬಂಡಾಯವೆಂದು ಮೆರೆಸಿದ್ದು ಅಪ್ಪಟ ವಿಧೇಯತೆಯಾಗಿತ್ತು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಆ ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, 'ಪ್ರಬಂಧ ಇಲ್ಲಿಂದ ಶುರುವಾಗಬೇಕು' ಎಂದು ಬರೆದುಕೊಟ್ಟೆ.

ಅವನು ಬರೆಯಲಿಲ್ಲ, ಮನೆಯಲ್ಲೇ ಶುರುಮಾಡಿದ. ತಿಂಗಳ ನಂತರ ಅವನ ತಾಯಿ ಜಯಮ್ಮ ಚೀಲದ ತುಂಬ ಅವರೆಕಾಯಿ ಹಿಡಿದು ನನ್ನ ಬಾಗಿಲಿಗೆ ಬಂದರು.

"ಅವ್ರಪ್ಪ ಎದ್ದು ಓಡಾಡ್ತಾವ್ರೆ, ದೇವ್ರು ನಡೆಸ್ಕೊಟ್ಟವ್ನೆ. ಈಗ ಇವ್ನು ಕೂದ್ಲು ನಂದು, ಕೊಡಾಕಿಲ್ಲ ಅಂತಾನೆ. ಅವ್ರು ಒಸಿ ಕೆಮ್ಮುದ್ರೂ ನಂಗೆ ಎದೆ ಝಲ್ ಅಂತದೆ. ನೀವೊಂದು ಮಾತೇಳಿ ಕಣ್ರವ್ವ, ನಿಮ್ ಮಾತು ಕೇಳ್ತಾನೆ."

ಕೊಡು ಎಂದರೆ ನಾನು ಕಲಿಸಿದ್ದೆಲ್ಲ ಸುಳ್ಳಾಗುತ್ತಿತ್ತು. ಬೇಡವೆಂದರೆ ಈ ಹೆಂಗಸಿನ ಭಯ ಹೋಗುತ್ತಿರಲಿಲ್ಲ. "ಅವನ ತಲಿ ಅವಂದಲ್ರೀ?" ಎಂದೆ, ಅಳುಕುತ್ತಲೇ.

ಜಯಮ್ಮ ಕೂತು ಅವರೆಕಾಯಿ ಸುಲಿಯತೊಡಗಿದರು. ಆಮೇಲೆ, "ನಿಮ್ ಪುಸ್ತಕದ ಐಕ್ಳು ಮನೆ ಬುಟ್ಟು ಒಂಟೋದ್ರಂತಲ್ಲ. ಅವ್ರ ಅವ್ವಂದಿರ ಬಗ್ಗೆ ಏನ್ ಬರ್ದವ್ರೆ?" ಎಂದರು. ಐಕ್ಳು ಅಂದರೆ ಇಲ್ಲಿ ಮಕ್ಕಳು.

ನಾನು ನೆನಪು ಮಾಡಿಕೊಂಡೆ. ನಾನು ಪಾಠ ಮಾಡಿದ ಪುಟಗಳಲ್ಲಿ ತಾಯಂದಿರು ಒಲೆಯ ಮುಂದೆ ಒಮ್ಮೆ, ಬಾಗಿಲಲ್ಲಿ ಒಮ್ಮೆ ಬಂದು ಹೋಗುತ್ತಿದ್ದರು, ಅಷ್ಟೆ. "ಹೆಚ್ಚೇನಿಲ್ರೀ" ಎಂದೆ. ನನಗೆ ನಾಚಿಕೆಯಾಯಿತು.

ಮುಡಿಯ ದಿನ ಜಯಮ್ಮ ನನ್ನನ್ನೂ ಕರೆದರು. ಅವರ ಮನೆದೇವರ ಗುಡಿ ಇರುವುದು ಶ್ರೀರಂಗಪಟ್ಟಣದ ಕಡೆ, ಹೊಳೆಯ ದಂಡೆಯಲ್ಲಿ. ಬಸ್ಸು ಪಾಂಡವಪುರ ಸೇರುವಷ್ಟರಲ್ಲಿ ರಾಗಿ ಹೊಲಗಳು ಹಿಂದುಳಿದು ನಾಲೆ, ಗದ್ದೆ, ಕಬ್ಬು ಶುರುವಾದವು. ತಾಯಿ ಮಗ ದಾರಿಯುದ್ದಕ್ಕೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು.

ಮೆಟ್ಟಿಲ ಮೇಲೆ ಕ್ಷೌರದವರು ಬ್ಲೇಡು ಬದಲಾಯಿಸಿ ಕಾಯುತ್ತಿದ್ದರು. ಮಧು ದೂರದಲ್ಲಿ ಕೈಕಟ್ಟಿ ನಿಂತಿದ್ದ. "ಬಂದು ಕೂತ್ಕಳ್ಲಾ!" ಎಂದು ಅವನ ಅಪ್ಪ ಗದರಿದರು. ಅವನು ಅಲುಗಲಿಲ್ಲ. ಆಗ ಜಯಮ್ಮ ತಾವೇ ಹೋಗಿ ಮಣೆಯ ಮೇಲೆ ಕೂತು ತುರುಬು ಬಿಚ್ಚಿದರು.

"ಇದೇನಮ್ಮಿ ಇದು?" ಎಂದರು ಗಂಡ.

"ಅವ್ನ ತಲೆ ಅವ್ನದು, ಬುಡಿ. ಮಾತು ಕೊಟ್ಟೋಳು ನಾನು. ನಂದೇ ಕೊಡ್ತೀನಿ."

ಮಧು ಓಡಿ ಬಂದ. "ನಾನೇ ಕೂತ್ಕತೀನಿ, ಏಳವ್ವ" ಎಂದು ತೋಳು ಹಿಡಿದು ಎಳೆದ.

"ಈಗ ಬ್ಯಾಡ ಕಣ್ಲಾ. ನನ್ನ ಮುಖ ನೋಡಿ ಕೊಟ್ಟಿದ್ದು ದೇವ್ರಿಗೆ ಮುಟ್ಟಾಕಿಲ್ಲ. ಇದ್ನ ಇಡ್ಕೊ" ಎಂದು ತಲೆಯ ಪಿನ್ನುಗಳನ್ನು ಅವನ ಅಂಗೈಗೆ ಹಾಕಿದರು.

ಅರ್ಧ ನರೆತ ಕೂದಲು ಅವರ ಮಡಿಲಿಗೆ ಉದುರುತ್ತಿದ್ದಷ್ಟು ಹೊತ್ತೂ ಅವನು ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ಕೂತು ಅತ್ತ. ನಾನೂ ಅತ್ತೆ. ಬಂಡಾಯವೆಂದರೆ ಮನೆ ಬಿಟ್ಟು ಹೋಗುವುದು ಎಂದೇ ಎರಡು ವರ್ಷ ಪಾಠ ಮಾಡಿದ್ದೆ. ಬರುವಾಗ ತಾಯಿ ಮಗ ಒಂದೇ ಸೀಟಿನಲ್ಲಿ ಕೂತರು. ಅವನ ಕೂದಲು ಗಾಳಿಗೆ ಹಾರಿ ಅವರ ಬೋಳುತಲೆಗೆ ಬಡಿಯುತ್ತಿತ್ತು. ಅವರು ಅದನ್ನು ಸರಿಸಿ ಸರಿಸಿ ನಗುತ್ತಿದ್ದರು.

ಮನೆಗೆ ಬಂದವಳೇ ಮುದ್ದೆಗೆ ಎಸರಿಟ್ಟು ಅಪ್ಪನಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದ.

"ಅಪ್ಪಾ, ನಾನು."

"ಹೂಂ." ಆಮೇಲೆ ಕೇಳಿದ, "ಕೂದಲ ಬೆಳದಾವೇನ?"

ಸುಳ್ಳು ಹೇಳಬಹುದಿತ್ತು. "ಇಲ್ಲಪಾ. ಮತ್ತ ಕಟ್ ಮಾಡಿಸೀನಿ" ಎಂದೆ.

ಆ ಕಡೆ ಕುರ್ಚಿ ಸರಿದ ಸದ್ದು, ಕೆಮ್ಮು. ನನಗೂ ಎದೆ ಝಲ್ ಎಂದಿತು.

"ಬಾ," ಅಂದ ಅಪ್ಪ. "ಹಂಗ ಬಾ."

"ಬರ್ತೀನಿ. ಶುಕ್ರವಾರ ಬಸ್ ಹತ್ತತೀನಿ. ಸೋಮವಾರ ಕ್ಲಾಸ್ ಅದಾವು, ರವಿವಾರ ಮತ್ತ ಮನಿಗೆ ಹೊಂಡಬೇಕು."

"ಯಾವ ಮನಿಗಿ?" ಎಂದು ಕೇಳಿದ ಅಪ್ಪ.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹಿಟ್ಟು ಹಾಕಬೇಕಿತ್ತು. "ಇಲ್ಲೀ ಮನಿಗಪಾ" ಎಂದು ಫೋನನ್ನು ಹೆಗಲಿಗೆ ಒತ್ತಿಕೊಂಡು ಹಿಟ್ಟು ಸುರಿದೆ.