ಇಂಜಿನ್ ಆರಿಸಿದ ಮೇಲಿನ ಹಾಡು

ಹಿಂದೂಪುರದ ಕಾರ್ ಆಡಿಯೋ ಅಂಗಡಿಯಲ್ಲಿ ಜೋಗಪ್ಪ ಒಂದು ಕಡೆ ಕೂರಲಿಲ್ಲ. ಕೂತರು, ಎದ್ದರು, ಬಾಗಿಲವರೆಗೆ ಹೋಗಿ ಹೊರಗೆ ನಿಂತಿದ್ದ ಹಳೆಯ ಸುಮೋವನ್ನು ನೋಡಿದರು, ಮತ್ತೆ ಬಂದು ಕೂತರು. ಕೂತಾಗಲೂ ಬಲಗೈ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದವು.

"ಪೆದ್ದಾಯನಾ, ಟೀ ತರಿಸ್ಲಾ?" ಎಂದರು ಅಂಗಡಿಯ ಜಯಚಂದ್ರ, ಹಿರಿಯರನ್ನು ಕರೆಯುವ ತೆಲುಗು ಮಾತಿನಿಂದ ಕರೆದು.

"ಟೀ ಬ್ಯಾಡ ಕಣಪ್ಪ. ಸಾಯಂಕಾಲಕ್ಕೆ ಸೆಟ್ಟೂರಾಗೆ ಇರ್ಬೇಕು. ಬ್ಯಾಟರಿ ಹೇಳು."

ಆ ಮಾತು ಕೇಳಿಸಿಕೊಳ್ಳಲು ಜಯಚಂದ್ರ ಮುಂದಕ್ಕೆ ಬಾಗಬೇಕಾಯಿತು. ಕುಂದುರ್ಪಿಯ ಜೋಗಪ್ಪ ಚೆಕ್ಕಭಜನೆಯ ಗುರು. ಗಿಲಕಿ ಕಟ್ಟಿದ ಮರದ ಚೆಕ್ಕೆಗಳನ್ನು ಕೈಯಲ್ಲಿ ಬಡಿಯುತ್ತ, ಸುತ್ತು ಕಟ್ಟಿ ಕುಣಿಯುವ ಈ ಭಜನೆಯನ್ನು ಅವರು ಹರೆಯದಿಂದಲೂ ಊರೂರಿಗೆ ಹೋಗಿ ಕಲಿಸಿದ್ದಾರೆ. ಹಾಡು ತೆಲುಗು, ಬೈಗುಳ ಕನ್ನಡ. ಬಯಲಲ್ಲಿ ನಿಂತು ಹಾಡಿದರೆ ಪಕ್ಕದ ಊರಿಗೆ ಕೇಳುತ್ತಿದ್ದ ಗಂಟಲಿಗೆ ಕಳೆದ ವರ್ಷ ಆಪರೇಷನ್ ಆಯಿತು. ಹಾಡಬಹುದು, ಆದರೆ ದನಿ ಎತ್ತಿ ಹಾಡಬಾರದು ಎಂದರು ಡಾಕ್ಟರು.

ಆಗ ನೆರವಿಗೆ ಬಂದವನು ಗಂಗಾಧರ. ಹಿಂದೆ ಅವರ ಬಳಿಯೇ ಕುಣಿತ ಕಲಿತವನು, ಈಗ ಕಲ್ಯಾಣದುರ್ಗದಲ್ಲಿ ಬಾಡಿಗೆಗೆ ಸುಮೋ ಓಡಿಸುತ್ತಾನೆ. ಇದೇ ಅಂಗಡಿಯಲ್ಲಿ ಗಾಡಿಗೆ ದೊಡ್ಡ ಆಂಪ್ಲಿಫೈಯರ್, ನಾಲ್ಕು ಸ್ಪೀಕರ್, ಒಂದು ಮೈಕು ಹಾಕಿಸಿದ. ಹಿಂದಿನ ಬಾಗಿಲು ತೆರೆದರೆ ಗುರುವಿನ ಪಿಸುಮಾತೂ ಕುಣಿಯುವ ಕಣದ ತುಂಬ ಕೇಳಿಸುತ್ತಿತ್ತು.

ತೊಡಕು ಒಂದೇ. ಇಂಜಿನ್ ಓಡುತ್ತಿದ್ದರೆ ಜೋಗಪ್ಪ ಹಾಡುವುದಿಲ್ಲ. "ಅದ್ಕೂ ಒಂದು ತಾಳ, ನನಗೂ ಒಂದು ತಾಳ. ಹೆಂಗಸ್ರು ಯಾರ್ದು ಕೇಳ್ಬೇಕು?" ಎನ್ನುತ್ತಾರೆ. ಈಗ ಸೆಟ್ಟೂರಿನ ಹೆಂಗಸರಿಗೆ ಕಲಿಸುವ ಕಣ ಊರಾಚೆ ಇದೆ, ಅಲ್ಲಿ ಕರೆಂಟಿಲ್ಲ. ಹಾಗಾಗಿ ಇಡೀ ಪಾಠ ಬ್ಯಾಟರಿಯ ಮೇಲೆಯೇ ನಡೆಯಬೇಕು.

ಹೋದ ವಾರ ಸೆಟ್ಟೂರಿನ ಹೆಂಗಸರ ತಂಡ ಸುತ್ತು ಕಟ್ಟಿ ರಭಸಕ್ಕೆ ಏರಿದ್ದಾಗಲೇ ಸ್ಪೀಕರ್ ಸತ್ತಿತು. ಚೆಕ್ಕೆಗಳು ಸ್ವಲ್ಪ ಹೊತ್ತು ತಾವೇ ನಡೆದು, ಆಮೇಲೆ ಚೆಲ್ಲಾಪಿಲ್ಲಿಯಾದವು. ಗಂಗಾಧರ ಕೀ ತಿರುವಿದ. ಟಕ್ ಎಂದಿತು, ಅಷ್ಟೆ. ತಂಡದ ಹಿರಿಯಳು ಓಬಮ್ಮ ಎಲ್ಲರನ್ನೂ ಗಾಡಿಯ ಹಿಂದೆ ಸಾಲಾಗಿ ನಿಲ್ಲಿಸಿ, ಗುರು ಕಲಿಸಿದ ಹೆಜ್ಜೆಯಲ್ಲೇ ನೂಕಿಸಿದಳು. ನಕ್ಕು ನಕ್ಕು ಸುಸ್ತಾದರು. ಆ ನಗುವಿನ ನಡುವೆ ಯಾರೋ ಅಂದರು: "ಬ್ರಹ್ಮಸಮುದ್ರದ ಪೋತಪ್ಪನ್ನ ಕರೆಸಿದ್ರೆ ಅವನ ಗಂಟ್ಲಿಗೆ ಬ್ಯಾಟರಿ ಬ್ಯಾಡ."

ಮುಂದಿನ ಸೀಟಿನಲ್ಲಿದ್ದ ಜೋಗಪ್ಪ ನಗಲಿಲ್ಲ. ಶನಿವಾರ ಆ ತಂಡದ ಗೆಜ್ಜೆಪೂಜೆ. ಅಂದು ಗುರುವೇ ಹಾಡಿ ಶಿಷ್ಯರನ್ನು ಮೊದಲ ಸಲ ಜನರ ಮುಂದೆ ಕುಣಿಸಬೇಕು. ಬೇರೊಬ್ಬ ಬಂದು ಹಾಡಿದರೆ ತಂಡ ಅವನದಾಗುತ್ತದೆ.

"ಇದಕ್ಕಿಂತ ದೊಡ್ಡ ಬ್ಯಾಟರಿ ಹಾಕ್ಬುಡಿ ಅಣ್ಣ," ಎಂದ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗಂಗಾಧರ.

"ದೊಡ್ಡದು ಹಾಕಿದ್ರೆ ನೂಕೋದು ತಪ್ಪುತ್ತಾ?" ಜೋಗಪ್ಪ ಕೇಳಿದರು.

"ತಪ್ಪಲ್ಲ. ಸ್ವಲ್ಪ ತಡವಾಗಿ ನೂಕ್ತೀರ," ಎಂದರು ಜಯಚಂದ್ರ.

ಗಾಡಿಯ ಬ್ಯಾಟರಿ ಒಂದೇ ಏಟಿಗೆ ಇಂಜಿನ್ ಎಬ್ಬಿಸಲು ಮಾಡಿದ್ದು. ಗಂಟೆಗಟ್ಟಲೆ ನಿಧಾನವಾಗಿ ಹೀರಿಸಿಕೊಂಡರೆ ಅದು ಬೇಗ ಹಾಳಾಗುತ್ತದೆ, ಎಷ್ಟೇ ದೊಡ್ಡದಿದ್ದರೂ. ಹಾಗಾದರೆ ಮನೆಯ ಇನ್ವರ್ಟರ್ ಬ್ಯಾಟರಿ ಇಡೋಣವೇ ಎಂದ ಗಂಗಾಧರ. ಜನ ಕೂರುವ ಗಾಡಿಯೊಳಗೆ ಆಸಿಡ್ ಹಬೆ ಬೇಡ ಎಂದರು ಜಯಚಂದ್ರ. ಅವರು ತೋರಿಸಿದ್ದು ಪೂರ್ತಿ ಸೀಲಾದ, ನಿಧಾನವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳಲೆಂದೇ ಮಾಡಿದ ಎರಡನೆಯ ಬ್ಯಾಟರಿ. ಹಿಂದಿನ ಸೀಟಿನ ಕೆಳಗೆ ಅದು, ಎರಡರ ನಡುವೆ ಒಂದು ರಿಲೇ. ಇಂಜಿನ್ ಓಡುವಾಗ ಎರಡೂ ಚಾರ್ಜ್ ಆಗುತ್ತವೆ. ಆರಿಸಿದ ಕೂಡಲೇ ಬೇರೆಯಾಗುತ್ತವೆ: ಹಾಡು ಹೊಸದನ್ನು ಎಷ್ಟು ಹೀರಿದರೂ ಹಳೆಯದು ಸ್ಟಾರ್ಟ್ ಮಾಡಲು ಉಳಿದಿರುತ್ತದೆ.

ಜೋಗಪ್ಪನ ಬೆರಳುಗಳು ಒಂದು ಕ್ಷಣ ನಿಂತವು. "ಮುಂದಿನವನು ಪದ ಎತ್ತಿ ಬಿಡ್ತಾನೆ, ಹಿಂದಿನವ್ರು ಹೊತ್ಕೊಂಡು ಹೋಯ್ತಾರೆ. ಇದನ್ನೇ ಹಾಕು."

ಜಯಚಂದ್ರರಿಗೆ ಭಜನೆಯ ಲೆಕ್ಕ ಅರ್ಥವಾಗಲಿಲ್ಲ. ಬ್ಯಾಟರಿ ಕೂರಿಸಿ, ಪಕ್ಕದಲ್ಲಿ ವೋಲ್ಟಿನ ಅಂಕಿ ತೋರಿಸುವ ಒಂದು ಸಣ್ಣ ಮೀಟರ್ ಸಿಕ್ಕಿಸಿದರು. "ಹನ್ನೆರಡರ ಕೆಳಗಿಳಿದ್ರೆ ಹಾಡು ನಿಲ್ಸಿ, ಪೆದ್ದಾಯನಾ."

ಆ ಕೊನೆಯ ಮಾತನ್ನು ಹೇಳಬಾರದಿತ್ತು. ಪಾವಗಡ ದಾಟುವವರೆಗೂ ಜೋಗಪ್ಪ ಹಿಂದಕ್ಕೆ ತಿರುಗಿ ಮೀಟರ್ ನೋಡುತ್ತಲೇ ಇದ್ದರು. ಕಲ್ಯಾಣದುರ್ಗದಲ್ಲಿ ಗಾಡಿ ನಿಲ್ಲಿಸಿ, ಆರಿಸಿ, ಮತ್ತೆ ಸ್ಟಾರ್ಟ್ ಮಾಡಿಸಿದರು. ಊರು ದಾಟಿದ ಮೇಲೆ ಇನ್ನೊಮ್ಮೆ.

"ಗುರುವೇ, ಚೆಕ್ ಮಾಡೀ ಮಾಡೀನೇ ಸಾಯಿಸ್ಬುಡ್ತೀಯಾ ಇದನ್ನ."

"ಮುಚ್ಚಲಾ. ನೂಕಿಸ್ಕೊಂಡೋನು ನಾನು."

ಸೆಟ್ಟೂರಿನ ಕಣದಲ್ಲಿ ಬಿಸಿಲು ಇಳಿದಿತ್ತು. ಇಂಜಿನ್ ಆರಿತು. ಜೋಗಪ್ಪ ಪದ ಎತ್ತಿದರು, ಹೆಂಗಸರ ಸುತ್ತು ಕಟ್ಟಿತು. ಸ್ಪೀಕರ್ ಸ್ವಚ್ಛವಾಗಿತ್ತು, ಆದರೆ ಗುರುವಿನ ಕಣ್ಣು ಮೀಟರಿನ ಮೇಲಿತ್ತು. ಹನ್ನೆರಡು ಪಾಯಿಂಟ್ ಐದು ಇದ್ದದ್ದು ಪಾಯಿಂಟ್ ನಾಲ್ಕಕ್ಕೆ ಇಳಿಯಿತು. ಮರುಸಾಲಿನಲ್ಲಿ ಅವರು ತಾಳ ತಪ್ಪಿದರು. ಹೆಜ್ಜೆಗೆ ಹೆಜ್ಜೆ ತಾಗಿ ಸುತ್ತು ನಿಂತಿತು.

ಜೋಗಪ್ಪ ತಾಳ ತಪ್ಪಿದ್ದನ್ನು ಆ ಕಣದಲ್ಲಿ ಯಾರೂ ಕಂಡಿರಲಿಲ್ಲ. ಯಾರೂ ನಗಲಿಲ್ಲ, ಹೋದ ವಾರದ ನಗುವಿಗಿಂತ ಅದು ಕೆಟ್ಟದಾಗಿತ್ತು.

ಓಬಮ್ಮ ಸಾಲು ಬಿಟ್ಟು ಬಂದಳು. "ಗುರುವಾ, ನಮ್ ಕಾಲು ನೋಡ್ತೀಯೋ, ಆ ಡಬ್ಬ ನೋಡ್ತೀಯೋ?" ಎಂದು ಅವರ ಹೆಗಲ ಮೇಲಿನ ಟವೆಲ್ಲನ್ನೇ ಎಳೆದು ಮೀಟರಿನ ಮೇಲೆ ಹೊದಿಸಿದಳು. "ಸತ್ರೆ ನೂಕ್ತೀವಿ. ನೂಕೋದು ಕಲ್ತಿದೀವಿ ಕಣಪ್ಪ. ಕುಣಿಯೋದು ಕಲ್ಸು."

ಜೋಗಪ್ಪ ಮೈಕು ಹಿಡಿದು ಗಾಡಿಗೆ ಬೆನ್ನು ಹಾಕಿದರು. ಪದ ಮೊದಲಿಂದ ಎತ್ತಿದರು. ಈ ಸಲ ಸುತ್ತು ನಿಲ್ಲಲಿಲ್ಲ. ತಪ್ಪಿದ ಕಾಲುಗಳಿಗೆ ಬೈಗುಳ ಬಿದ್ದವು, ಅವೂ ಕಣದ ತುಂಬ ಕೇಳಿಸಿದವು.

ಪಾಠ ಮುಗಿದಾಗ ಯಾರೂ ಹೇಳದೆಯೇ ಹೆಂಗಸರು ಗಾಡಿಯ ಹಿಂದೆ ಸಾಲಾಗಿ ನಿಂತಿದ್ದರು. ಗಂಗಾಧರ ಕೀ ತಿರುವಿದ. ಇಂಜಿನ್ ಒಂದೇ ಏಟಿಗೆ ಎದ್ದಿತು.

"ಅಯ್ಯೋ, ಸೆರಗು ಸಿಕ್ಕಿಸ್ಕೊಂಡಿದ್ದು ದಂಡ!" ಎಂದಳು ಓಬಮ್ಮ. "ಶನಿವಾರ ಬೇಗ ಬಾ ಗುರುವಾ. ಗೆಜ್ಜೆ ನೀನೇ ಕಟ್ಬೇಕು."

ಜೋಗಪ್ಪ ತಲೆಯಾಡಿಸಿ ಸೀಟಿನಲ್ಲಿ ಕೂತರು. ಗಾಡಿ ಕಣ ದಾಟಿ ರಸ್ತೆಗೆ ಬಂತು. ಅವರ ಬೆರಳುಗಳು ಮತ್ತೆ ತೊಡೆ ಬಡಿಯತೊಡಗಿದವು.

"ಗಂಗಾ," ಎಂದರು, "ಒಂದ್ಸಲ ಆರ್ಸಿ ನೋಡ್ಲಾ."