ಬಸ್ಸಿನ ಹಣೆಯ ಮೇಲಿನ ಬೈಟುಗಳು

ನಮ್ಮ ಮನೆಗೆ ಬರುವವರಲ್ಲಿ ಎರಡು ಬಗೆ. ಚಹಾ ಮುಗಿದು, ಮಾತು ಮುಗಿದು, ಇನ್ನೇನೂ ಉಳಿಯಲಿಲ್ಲ ಎನ್ನುವವರೆಗೆ ಕೂಡುವವರು ಒಂದು ಬಗೆಯಾದರೆ, ಚಪ್ಪಲಿ ಬಿಡುವಾಗಲೇ ಎಷ್ಟು ಹೊತ್ತು ಕೂಡುತ್ತೇವೆಂದು ಹೇಳಿಬಿಡುವವರು ಇನ್ನೊಂದು ಬಗೆ. ಕಂಪ್ಯೂಟರಿನ ಸಿ ಭಾಷೆಯ ಪಠ್ಯಗಳೂ ಹೀಗೆಯೇ, ಗೆಳೆಯರೇ. ಸಾಮಾನ್ಯ ಪಠ್ಯ ಕೊನೆಯಲ್ಲೊಂದು ಸೊನ್ನೆ ಸಿಗುವವರೆಗೆ ಓಡುತ್ತದೆ. ಇನ್ನೊಂದು ತನ್ನ ಉದ್ದವನ್ನು ಮೊದಲ ಬೈಟಿನಲ್ಲೇ, ಅಂದರೆ ನೆನಪಿನ ಮೊದಲ ಪುಟ್ಟ ಖಾನೆಯಲ್ಲೇ, ಸಾರಿಕೊಂಡು ಬರುತ್ತದೆ. ನನಗೆ ಈ ಎರಡನೆಯದರ ಮೇಲೆ ವಿಪರೀತ ಪ್ರೀತಿ.

ಇಳಕಲ್ಲಿನಲ್ಲಿ ಕೂತು ನಾನು ಮಾಡುವ ಕೆಲಸ, ನಾವು ಬರೆದ ಸಿ ಭಾಷೆಯನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ, ಗೆಳತಿಯರು ಸೇರಿ ಬರೆಯುತ್ತಿರುವ ಸಿ ಕಂಪೈಲರನ್ನು ಪರೀಕ್ಷಿಸುವುದು, ಅಂದರೆ ಅದರ ಕಾಲೆಳೆಯುವುದು. ಉದ್ದ ಹೇಳುವ ಪಠ್ಯಗಳಿಗೆ ನಾನು ಕೊಟ್ಟಿದ್ದೆಲ್ಲ ಇಂಗ್ಲಿಷಿನ ಚಿಕ್ಕ ಚಿಕ್ಕ ಮಾತು, ಎಲ್ಲವೂ ಪಾಸು. ಆ ಹುಮ್ಮಸ್ಸಿನಲ್ಲೇ, ಪಕ್ಕದ ಮನೆಯ ಸಂಗಪ್ಪನ ಹೊಸ ಬಸ್ಸಿನ ಹಣೆಗೆ ಮಿನುಗುತ್ತಾ ಸರಿಯುವ ಬೋರ್ಡು ಮಾಡಿಕೊಡಲು ಒಪ್ಪಿದೆ. ಅದಕ್ಕೂ ಇದೇ ಬಗೆಯ ಪಠ್ಯ ಬೇಕಿತ್ತು. ಮರುದಿನ ಬೆಳಿಗ್ಗೆ ಮೊದಲ ಓಟ. ಬೋರ್ಡು ಓದಿಯೇ ಜನ ಹತ್ತಬೇಕು.

ನಮ್ಮ ಕಡೆ ಬಸ್ಸಿನ ಹಣೆ ಬರೀ ಊರುಗಳಿಗೆ ಮೀಸಲಲ್ಲ. ಸಂಗಪ್ಪನ ತಾಯಿ ಗಂಗವ್ವನ ಆಶೀರ್ವಾದ ಮೊದಲು, ಆಮೇಲೆ ಬನಶಂಕರಿಯ ಕೃಪೆ, ಆಮೇಲೆ ಇಳಕಲ್, ಹುನಗುಂದ, ಅಮೀನಗಡ, ಐಹೊಳೆ, ದಾರಿಯ ಮೂರ್ನಾಲ್ಕು ಹಳ್ಳಿ, ಬಾದಾಮಿ, ಚೊಳಚಗುಡ್ಡ. ಸಂಗಪ್ಪ ಹೇಳಿದ್ದನ್ನೆಲ್ಲ ಬರೆದೆ, ಕಂಪೈಲರ್ ಚಕಾರ ಎತ್ತಲಿಲ್ಲ. ಬೋರ್ಡು ಹೊತ್ತಿಸಿದರೆ ಮೂಡಿದ್ದು ಗಂಗವ್ವನ ಹೆಸರು ಮಾತ್ರ. ಊರುಗಳೆಲ್ಲ ಮಾಯ.

ನಾನು ಕುರ್ಚಿಯಿಂದ ಜಿಗಿದೇಬಿಟ್ಟೆ. ದೋಷ ಸಿಕ್ಕಿತ್ತು! ಒಂದು ಬೈಟಿನಲ್ಲಿ ಇನ್ನೂರೈವತ್ತೈದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಕನ್ನಡದಲ್ಲೋ ಅಕ್ಷರಕ್ಕೂ, ಅದರ ಕೊಂಬು ಗುಡಿಸುಗಳಿಗೂ ತಲಾ ಮೂರು ಬೈಟು. ಲೆಕ್ಕ ಮೀರಿ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ, ಕಂಪೈಲರ್ ತೆಪ್ಪಗೆ ಸಣ್ಣ ಉದ್ದ ಬರೆದುಕೊಂಡಿತ್ತು. ನನ್ನ ಇಂಗ್ಲಿಷ್ ತುಣುಕುಗಳಿಂದ ಇದು ಯಾವ ಜನ್ಮಕ್ಕೂ ಸಿಗುತ್ತಿರಲಿಲ್ಲ. ದೋಷ ತೋರಿಸುವ ಪರೀಕ್ಷೆ ಬರೆದು ಕಳಿಸಿದೆ, ಸಂಜೆಯೊಳಗೆ ಗೆಳತಿಯರು ತಿದ್ದಿದರು, ಪಠ್ಯ ಅತಿ ಉದ್ದವಾಯಿತೆಂದು ಕಂಪೈಲರ್ ಗದರಿತು. ಬೈಸಿಕೊಂಡು ನಾನು ಇಷ್ಟು ಖುಷಿಪಟ್ಟದ್ದು ಎಂದೂ ಇಲ್ಲ. ಸದ್ದಿಲ್ಲದೆ ಕತ್ತರಿಸುವವರಿಗಿಂತ ಎದುರು ನಿಂತು ಆಗದು ಎನ್ನುವವರು ಎಷ್ಟೋ ವಾಸಿ.

ಆದರೆ ಬೋರ್ಡಿನಿಂದ ಏನನ್ನಾದರೂ ತೆಗೆಯಲೇಬೇಕಲ್ಲ. ಕೊನೆಯ ಊರು ಬಿಡೋಣ, ಪಕ್ಕದಲ್ಲೇ ಬಾದಾಮಿ ಇದೆ ಎಂದೆ. ಸಂಗಪ್ಪ ಬೇಡವೆಂದು ಕೈ ಅಲ್ಲಾಡಿಸಿದ.

"ಚೊಳಚಗುಡ್ಡ ಇರ್ಲಿರಿ. ಅವ್ವನ ಹೆಸರು ತಗೀರಿ."

ನಾನು ಬೆಪ್ಪಾದೆ. ಬಸ್ಸು ಕೊಂಡದ್ದೇ ಅವ್ವನ ಹೆಸರಿಡಲು ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದವನು ಅವನು.

"ಅವ್ವಗ ತನ್ನ ಹೆಸರು ಓದಾಕ ಬರಂಗಿಲ್ರಿ. ತವರಿನ ಬಸ್ ತಪ್ಪಬಾರದಂತ ಚೊಳಚಗುಡ್ಡ ಅನ್ನೋದೊಂದ ಕಲತಾಳ."

ಮರುದಿನ ಗಂಗವ್ವ ಬಸ್ಸಿನ ಮುಂದೆ ನಿಂತಳು. ಊರುಗಳು ಒಂದೊಂದಾಗಿ ಸರಿದುಹೋಗುವವರೆಗೆ ಕಾದಳು. ಕೊನೆಯದಕ್ಕೆ ತುಟಿ ಅಲ್ಲಾಡಿಸಿ, ಯಾರನ್ನೂ ಕೇಳದೆ ಹತ್ತಿ ಕೂತಳು.