ಕಿರಣ ನಿಂತ ಮಧ್ಯಾಹ್ನ

ತಂಗಿಯ ಮದುವೆಗೆ ಬಸವಕಲ್ಯಾಣದಲ್ಲಿ ಮಂಟಪ ಗೊತ್ತಾದ ವಾರವೇ ನಮ್ಮ ಸಂಶೋಧನಾ ಗುಂಪಿಗೆ ಕಿರಣದ, ಅಂದರೆ ವೇಗವಾಗಿ ಹಾಯುವ ಕಣಗಳ ಧಾರೆಯ, ಸರದಿ ಸಿಕ್ಕಿತು. ಹೊರದೇಶದ ಒಂದು ಕಣ ವೇಗವರ್ಧಕ ಯಂತ್ರದಲ್ಲಿ ನಾವು ಅಳೆಯಲು ಹೊರಟಿದ್ದು ಅಪರೂಪದ ಜಾತಿಯ ಲಿಥಿಯಂ ನ್ಯೂಕ್ಲಿಯಸ್ಸನ್ನು. ಅದರ ಎರಡು ನ್ಯೂಟ್ರಾನುಗಳು ಉಳಿದ ಕಣಗಳಿಗೆ ಬಹಳ ಸಡಿಲವಾಗಿ ಅಂಟಿಕೊಂಡು ದೂರದಲ್ಲೇ ಸುಳಿದಾಡುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ನ್ಯೂಕ್ಲಿಯಸ್ಸೇ ಬೇರೊಂದಾಗಿಬಿಡುತ್ತದೆ. ಯಂತ್ರ ಹುಟ್ಟಿಸಿದ ಕೂಡಲೇ ಅಳೆಯಬೇಕು. ಆ ಯಂತ್ರಕ್ಕಾಗಿ ಎಷ್ಟೋ ದೇಶದವರು ಕಾದಿರುತ್ತಾರೆ.

ಎರಡೂ ಕೆಲಸ ಒಂದೇ ವಾರಕ್ಕೆ ಬಂದವು. ನಮ್ಮೂರು ಹುಡಗಿಗೆ ಹೋಗಿ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಕುರಿಗಳನ್ನು ಹಟ್ಟಿಗೆ ಹೊಡೆದು ಬಂದು ಕೂತಿದ್ದರು. ಯಂತ್ರದವರಿಗೆ ಒಂದು ಮಾತು ಕೇಳಿ ನೋಡಬಾರದೇ ಎಂದರು. ಕೇಳಿದ್ದೆ, ಆಗುವುದಿಲ್ಲವಂತೆ ಎಂದೆ. ಮುಹೂರ್ತವೂ ಬದಲಾಗುವಂತಿರಲಿಲ್ಲ. ತಂಗಿ ತಾನು ಕಲಿಸುವ ಹುಮನಾಬಾದಿನ ಶಾಲೆಯಿಂದ ಬಸ್ಸಿಳಿದು ಬಂದವಳು ವಿಷಯ ತಿಳಿದು ನನ್ನನ್ನು ಒಳಗೆ ಕರೆದಳು.

"ನೀ ಹೋಗು ಅಕ್ಕಾ. ಇಲ್ಲಿದ್ರ ಮಾರಿ ಉಬ್ಬಿಸ್ಕೊಂಡು ಕುಂಡ್ರತಿ. ಫೋಟೋದಾಗ ಚಂದ ಕಾಣಂಗಿಲ್ಲ."

ನಾನು ಹೋದೆ. ಆಮೇಲಿನದ್ದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಮದುವೆಯಾಗದ ಅಕ್ಕ ತಂಗಿಯ ಮದುವೆಗೆ ಬರದಿದ್ದರೆ ಬಂಧುಗಳು ಬೇರೆಯದೇ ಕಾರಣ ಹುಡುಕುತ್ತಾರೆ. ಅರಿಶಿನದ ದಿನ ನಾನು ಕೂಡಬೇಕಾದ ಜಾಗದಲ್ಲಿ ಸೋದರತ್ತೆಯ ಮಗಳು ಕೂತಳು. ದೊಡ್ಡವಳು ಮುನಿಸಿಕೊಂಡು ದೂರ ಉಳಿದಿದ್ದಾಳೆ ಎಂಬ ಮಾತು ಅಲ್ಲಿಂದಲೇ ಹೊರಟು ಚಿಟಗುಪ್ಪದ ಬೀಗರ ಕಿವಿಯವರೆಗೂ ಹೋಯಿತು. ಕೇಳಿದವರಿಗೆಲ್ಲ ಅಪ್ಪ, ಆಕೆಗೆ ಕೆಲಸವಿದೆ ಎಂದಷ್ಟೇ ಹೇಳುತ್ತಿದ್ದರಂತೆ. ಯಾರೂ ನಂಬಲಿಲ್ಲ.

ಮದುವೆಯ ದಿನ ಇತ್ತ ನಮ್ಮ ಯಂತ್ರ ಕೆಟ್ಟು ನಿಂತಿತ್ತು. ಎಲ್ಲೋ ಒಂದು ಕಡೆ ನಿರ್ವಾತದ ಕೊಳವೆಯೊಳಗೆ ಗಾಳಿ ಸೋರಿ ಬರುತ್ತಿತ್ತು. ಸರಿಮಾಡುವವರು ಒಳಗಿದ್ದರು, ನಾವು ನಿಯಂತ್ರಣ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದೆವು. ಮದುವೆಗಾದರೂ ಹೋಗಬಹುದಿತ್ತು ಎಂದು ನಾನು ಕಹಿಯಾಗಿ ಯೋಚಿಸುತ್ತಿದ್ದಾಗ ತಂಗಿಯ ವಿಡಿಯೋ ಕರೆ ಬಂತು. ಬಾಸಿಂಗ ಕಟ್ಟಿಕೊಂಡೇ ಮಾಡಿದ್ದಳು. ಮಾತಿಗೆ ಮೊದಲೇ ಫೋನನ್ನು ಮಂಟಪದ ಕಡೆ ತಿರುಗಿಸಿದಳು.

"ಇಲ್ಲಿ ನೋಡ್ರಿ ಎಲ್ಲಾರು. ನಮ್ಮಕ್ಕ ಇಲ್ಲಿ ಕೆಲಸ ಮಾಡಾಕತ್ಯಾಳ. ಏನ್ ಕೇಳೋದದ ಆಕಿಗೇ ಕೇಳ್ರಿ."

ಅಪರಿಚಿತ ಮುಖಗಳು ಬಗ್ಗಿ ನೋಡಿದವು. ನನ್ನ ಹಿಂದೆ ಪರದೆಗಳು, ತಂತಿಗಳು, ಹೆಲ್ಮೆಟ್ ಹಾಕಿದ ಇಬ್ಬರು. ಬೀಗರ ಪೈಕಿ ಒಬ್ಬ ಹಿರಿಯರು ಅಲ್ಲೇನು ಮಾಡುತ್ತೀರಿ ಎಂದು ಕೇಳಿದರು. ಆದಷ್ಟು ಸರಳವಾಗಿ ಹೇಳಿದೆ: ಆ ನ್ಯೂಕ್ಲಿಯಸ್ಸುಗಳನ್ನು ಇಂಗಾಲದ ಒಂದು ಬಿಲ್ಲೆಯ ಮೂಲಕ ಹಾಯಿಸುತ್ತೇವೆ. ಎಷ್ಟು ಒಳಹೋದವು, ಎಷ್ಟು ಒಡೆಯದೆ ಹಾಗೇ ಹೊರಬಂದವು ಎಂದು ಎಣಿಸುತ್ತೇವೆ. ಗಾತ್ರ ದೊಡ್ಡದಿದ್ದಷ್ಟೂ ಒಳಗೆ ತಾಗಿ ಒಡೆಯುವುದು ಹೆಚ್ಚು. ಅದರಿಂದ ಗಾತ್ರ ತಿಳಿಯುತ್ತದೆ. ಅವರು ತಲೆಯಾಡಿಸಿದರು. ಊಟ ಆಯಿತೇ ಎಂದು ವಿಚಾರಿಸಿದರು.

ಅಷ್ಟರಲ್ಲಿ ಸಹೋದ್ಯೋಗಿಯೊಬ್ಬ ನನ್ನ ಭುಜ ತಟ್ಟಿದ. ಕಿರಣ ಮತ್ತೆ ಬಂದಿತ್ತು. ಅತ್ತ ಅಂತರಪಟ ಹಿಡಿಯುತ್ತಿದ್ದರು. ಇಡುತ್ತೇನೆ ಎಂದೆ. ತಂಗಿ ಸರಿ ಎಂದಳು. ತಾಳಿ ಕಟ್ಟುವುದನ್ನು ನಾನು ನೋಡಲಿಲ್ಲ. ಆ ಹೊತ್ತಿಗೆ ಪರದೆಯ ಮೇಲೆ ಚುಕ್ಕೆಗಳು ಒಂದೊಂದಾಗಿ ಬೀಳುತ್ತಿದ್ದವು. ನಾನು ಅವನ್ನೇ ನೋಡುತ್ತಿದ್ದೆ. ಖುಷಿಯಾಗಿದ್ದೆ ಎಂಬುದೂ ನಿಜ.

ಮರುವರ್ಷ ಚಿಟಗುಪ್ಪದ ಅವಳ ಮನೆಗೆ ಹೋದಾಗ ಅಳತೆ ಏನಾಯಿತು ಎಂದು ಕೇಳಿದಳು. ಹಿಂದಿನವರು ಹೇಳಿದ ಗಾತ್ರವೇ ನಮಗೂ ಬಂತು, ತುಸು ಹೆಚ್ಚು ಖಚಿತವಾಗಿ, ಎಂದೆ.

"ಹೊಸದೇನೂ ಇಲ್ಲ? ಹಂಗಾದ್ರ ಹೋಗಿದ್ದು ಯಾಕ?"

"ಅವ್ರು ಹೇಳಿದ್ದು ಖರೆ ಅದನೋ ಇಲ್ಲೋ ನೋಡಾಕ."

ನಂತರ, ಮದುವೆಯ ದಿನ ನಿನ್ನ ಮೇಲೆ ಬಹಳ ಸಿಟ್ಟು ಬಂದಿತ್ತು, ಬೇರೆಯವರ ಮುಂದೆ ತೋರಿಸಿಕೊಳ್ಳಲಿಲ್ಲ ಎಂದಳು. ಈಗ ಇದೆಯೇ ಎಂದು ನಾನು ಕೇಳಲಿಲ್ಲ. ಅವಳ ಅತ್ತೆ ಚಹಾ ತಂದಿಟ್ಟರು. ನಾವಿಬ್ಬರೂ ಕುಡಿದೆವು.